ಕಂಪ್ಯೂಟರ್ ಬಯೋಸ್ ಎರರ್ ಕೊಟ್ರೆ ರಿಪೇರಿಗೆ ಒಯ್ಯೋ ಮುಂಚೆ ಇಷ್ಟು ನೋಡಿ

ಮಳೆ ಹಿಡ್ಕೊಂಡ್ರೆ ನಮ್ಮ ಕೊಡಗಲ್ಲಿ ಕರೆಂಟ್ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು, ಲೈನ್ ಮೇಲೆ ಮರ ಬಿತ್ತು ಅಂದ್ರೆ ತೋಟದ ಮನೆಗಳಿಗೆ ಎರಡು ಮೂರು ದಿನ ಆದ್ರೂ ಬರಲ್ಲ. ಕೊನೆಗೆ ಕರೆಂಟ್ ಬಂತು ಅಂತ ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ಬಿಳಿ ಅಕ್ಷರದಲ್ಲಿ ಸಿಮಾಸ್ ಚೆಕ್‌ಸಮ್ ಎರರ್, ಡೇಟ್ ಟೈಮ್ ಸೆಟ್ ಆಗಿಲ್ಲ, ಎಫ್1 ಒತ್ತಿ ಅಂತ ಬರುತ್ತೆ. ಹಾರ್ಡ್ ಡಿಸ್ಕೇ ಹೋಯ್ತು ಅಂತ ಗಾಬರಿಯಾಗಿ ಸಿಪಿಯು ಬಾಕ್ಸನ್ನ ಬಸ್ಸಲ್ಲಿ ಹಾಕ್ಕೊಂಡು ಕುಶಾಲನಗರಕ್ಕೋ ಮೈಸೂರಿಗೋ ಹೊರಡೋರು ಎಷ್ಟೋ ಜನ. ಸ್ವಲ್ಪ ತಡೀರಿ, ಈ ಎರರಿಗೆ ಹೆಚ್ಚಾಗಿ ಒಂದು ಚಿಕ್ಕ ಶೆಲ್ ಸಾಕು.

ಮದರ್‌ಬೋರ್ಡ್ ಮೇಲೆ ಒಂದು ಚಿಪ್ಪಲ್ಲಿ ಫರ್ಮ್‌ವೇರ್ ಇರುತ್ತೆ, ಹಳೇ ಮಷಿನಲ್ಲಿ ಅದು ಬಯೋಸ್, ಈಗಿನದ್ರಲ್ಲಿ ಯುಇಎಫ್ಐ, ಬಾಯಿಮಾತಲ್ಲಿ ಎರಡಕ್ಕೂ ಬಯೋಸ್ ಅಂತಾನೇ ಹೇಳ್ತೀವಿ. ವಿಂಡೋಸ್ ಶುರುವಾಗೋ ಮುಂಚೆ ರ್‍ಯಾಮ್, ಡಿಸ್ಕ್, ಕೀಬೋರ್ಡ್ ಎಲ್ಲಾ ಚೆಕ್ ಮಾಡೋದು ಅದೇ. ಮಷಿನ್ ಆಫ್ ಇದ್ದಾಗ ಗಡಿಯಾರ ಓಡಿಸೋಕೆ, ಸಿಮಾಸ್ ಅನ್ನೋ ಸೆಟ್ಟಿಂಗ್ ಮೆಮೊರಿ ಉಳಿಸೋಕೆ ಸಿಆರ್2032 ಅನ್ನೋ ಮೂರು ವೋಲ್ಟಿನ ಬಟನ್ ಶೆಲ್ ಇರುತ್ತೆ, 20 ಮಿಲಿಮೀಟರ್ ಅಗಲ 3.2 ದಪ್ಪ, ನಂಬರಲ್ಲೇ ಅಳತೆ ಇದೆ. ಪ್ಲಗ್ ಹಾಕಿ ಸ್ವಿಚ್ ಆನ್ ಇರೋ ತನಕ ಬಾಕ್ಸೊಳಗಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಸ್ಟ್ಯಾಂಡ್‌ಬೈ ಪವರ್ ಬರ್ತಾ ಇರುತ್ತೆ, ಹಾಗಾಗಿ ಶೆಲ್ ವೀಕ್ ಆಗಿದ್ರೂ ಗೊತ್ತೇ ಆಗಲ್ಲ, ಎರಡು ದಿನ ಕರೆಂಟ್ ಹೋದಾಗಲೇ ಬಣ್ಣ ಬಯಲಾಗೋದು.

ಅದಕ್ಕೇ ಮೊದಲು ಡೇಟ್ ನೋಡಿ. ತುಂಬಾ ಹಿಂದಿನ ವರ್ಷ ತೋರಿಸ್ತಿದ್ರೆ ಶೆಲ್ ಮೇಲೇ ಅನುಮಾನ ಪಡಿ. ಎಫ್1 ಒತ್ತಿ ವಿಂಡೋಸ್ ಓಪನ್ ಆದ್ರೂ ಡೇಟ್ ತಪ್ಪಿದ್ರೆ ಬ್ಯಾಂಕ್ ಸೈಟು, ಜಿಮೇಲ್ ಎಲ್ಲಾ ಸರ್ಟಿಫಿಕೇಟ್ ಎರರ್ ಕೊಡುತ್ತೆ, ಜನ ನೆಟ್ ಹಾಳಾಗಿದೆ ಅಂತ ರೂಟರ್ ಹಿಡ್ಕೊಂಡು ಕೂರ್ತಾರೆ.

ಶೆಲ್ ಬದಲಿಸೋದು ಹೀಗೆ. ಪ್ಲಗ್ ಪೂರ್ತಿ ತೆಗೀರಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಚಾರ್ಜ್ ಹೋಗಲಿ. ಸೈಡ್ ಡೋರ್ ಬಿಚ್ಚಿ ಕ್ಯಾಬಿನೆಟ್ಟಿನ ಲೋಹದ ಭಾಗ ಒಮ್ಮೆ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಇಳಿಯುತ್ತೆ. ಶೆಲ್ಲಿನ ಪಕ್ಕದ ಚಿಕ್ಕ ಕ್ಲಿಪ್ಪನ್ನ ಉಗುರಲ್ಲಿ ಮೆಲ್ಲಗೆ ಹೊರಗೆ ತಳ್ಳಿದ್ರೆ ಶೆಲ್ ತಾನೇ ಮೇಲಕ್ಕೆ ಏಳುತ್ತೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸೋಕೆ ಹೋಗ್ಬೇಡಿ. ಅದು ಕೂತಿದ್ದ ಜಾಗದಲ್ಲಿ ಹಸಿರು ಪಾಚಿ ತರ ಏನಾದ್ರೂ ಕಟ್ಟಿದ್ಯಾ ನೋಡಿ, ನಮ್ಮ ಥಂಡಿಗೆ ಲೋಹ ಬೇಗ ಕಿಲುಬು ಹಿಡಿಯುತ್ತೆ, ಇದ್ರೆ ಒಣ ಬ್ರಶ್ಶಲ್ಲಿ ತೆಗೀರಿ. ಹೊಸದನ್ನ ಹಳೇದು ಕೂತಿದ್ದ ದಿಕ್ಕಲ್ಲೇ ಕೂರಿಸಿ, ಸಾಮಾನ್ಯವಾಗಿ ಪ್ಲಸ್ ಮೇಲಿರುತ್ತೆ. ಹಳೇ ಶೆಲ್ಲನ್ನ ಮಕ್ಕಳ ಕೈಗೆ ಸಿಗೋ ಹಾಗೆ ಖಂಡಿತ ಇಡ್ಬೇಡಿ, ನುಂಗಿದ್ರೆ ಗಂಟಲು ಸುಟ್ಟು ಪ್ರಾಣಕ್ಕೇ ಅಪಾಯ, ನುಂಗಿರ್ಬಹುದು ಅಂತ ಡೌಟ್ ಬಂದ್ರೂ ಸೀದಾ ಆಸ್ಪತ್ರೆಗೆ ಓಡಿ.

ಲ್ಯಾಪ್‌ಟಾಪಾದ್ರೆ ವಾರಂಟಿ ಇದ್ಯಾ ನೋಡ್ಕೊಂಡು ಆಮೇಲೆ ಕೈ ಹಾಕಿ.

ಶೆಲ್ ಹಾಕಿದ ಮೇಲೆ ಡೇಟ್ ಸರಿ ಮಾಡೋಕೆ ಆನ್ ಆಗ್ತಿದ್ದ ಹಾಗೇ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ, ಎಫ್10 ಒತ್ತಿ ಸೇವ್ ಮಾಡಿ ಬನ್ನಿ, ಕೆಲವು ಕಂಪನಿದ್ರಲ್ಲಿ ಕೀ ಬೇರೆ ಇರುತ್ತೆ, ಸ್ಕ್ರೀನಿನ ಮೂಲೇಲೇ ಬರೆದಿರುತ್ತೆ. ಇಷ್ಟಾದ್ರೂ ಬೂಟ್ ಡಿವೈಸ್ ಇಲ್ಲ ಅಂತ ಬಂದ್ರೆ ಡಿಸ್ಕ್ ಸತ್ತೇ ಹೋಗಿದೆ ಅಂತಲ್ಲ, ಸೆಟ್ಟಿಂಗ್ ಎಲ್ಲಾ ಡೀಫಾಲ್ಟಿಗೆ ಹೋಗಿರ್ಬಹುದು. ಹಳೇ ವಿಂಡೋಸ್ ಲೆಗಸಿ ಅಂದ್ರೆ ಹಳೇ ಬಯೋಸ್ ಮೋಡಲ್ಲಿ ಹಾಕಿದ್ದಿದ್ರೆ ಈಗ ಯುಇಎಫ್ಐ ಆಗಿರ್ಬಹುದು, ಅಥವಾ ಡಿಸ್ಕಿನ ಸೆಟ್ಟಿಂಗ್ ಎಎಚ್‌ಸಿಐ ಇದ್ದಿದ್ದು ರೈಡ್ ಆಗಿ ನೀಲಿ ಸ್ಕ್ರೀನ್ ಬರ್ಬಹುದು. ಮಷಿನ್ ಚೆನ್ನಾಗಿರುವಾಗ್ಲೇ ಬಯೋಸಿನ ಒಂದೊಂದು ಪೇಜನ್ನೂ ಮೊಬೈಲಲ್ಲಿ ಫೋಟೋ ತೆಗೆದಿಟ್ಟಿದ್ರೆ ಇದನ್ನೆಲ್ಲಾ ಮೊದಲಿದ್ದ ಹಾಗೆ ಮಾಡೋದು ಐದು ನಿಮಿಷದ ಕೆಲಸ. ದಯವಿಟ್ಟು ಇವತ್ತೇ ತೆಗೆದಿಡಿ.

ಸ್ಕ್ರೀನೇ ಬರದೆ ಬರೀ ಬೀಪ್ ಬೀಪ್ ಅಂತಿದ್ರೆ ಮೊದಲು ರ್‍ಯಾಮ್ ತೆಗೆದು ಮತ್ತೆ ಕೂರಿಸಿ. ಎಷ್ಟು ಬೀಪಿಗೆ ಏನರ್ಥ ಅನ್ನೋದು ಬೋರ್ಡಿಂದ ಬೋರ್ಡಿಗೆ ಬೇರೆ, ಮ್ಯಾನುಯಲ್ ನೋಡ್ಲೇಬೇಕು.

ಇನ್ನು ಬಯೋಸ್ ಅಪ್‌ಡೇಟ್. ಎರರ್ ಬಂತು ಅಂದ ತಕ್ಷಣ ಅಪ್‌ಡೇಟ್ ಮಾಡಿ ಅಂತ ಸಲಹೆ ಕೊಡೋರು ಬಹಳ, ನನ್ನ ಪ್ರಕಾರ ಅದು ಕೊನೇ ದಾರಿ, ಅದೂ ಗುಡುಗು ಮಿಂಚು ಇರೋ ದಿನ ಬೇಡ್ವೇ ಬೇಡ. ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಹೋದ್ರೆ ಬೋರ್ಡ್ ಏಳದೇ ಹೋಗ್ಬಹುದು. ಮಾಡ್ಲೇಬೇಕಾದ್ರೆ ರನ್ ಬಾಕ್ಸಲ್ಲಿ ಎಂಎಸ್‌ಇನ್‌ಫೋ32 ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಈಗಿನ ವರ್ಷನ್ ನೋಡ್ಕೊಳ್ಳಿ, ಫೈಲನ್ನ ಕಂಪನಿ ಸೈಟಿಂದ ಮಾತ್ರ, ನಿಮ್ಮದೇ ಮಾಡೆಲ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಿಸಿ ಇಳಿಸ್ಕೊಳ್ಳಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಫುಲ್ ಇದ್ದು ಚಾರ್ಜರ್ ಕೂಡ ಹಾಕಿರ್ಬೇಕು, ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು. ಮನೇಲಿ ಇನ್ವರ್ಟರ್ ಇದ್ಯಲ್ಲ ಅಂತೀರಾ, ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ರೆ ಅದಕ್ಕೆ ಹಾಕಿ, ಇಲ್ಲಾಂದ್ರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯೋ ಆ ಒಂದು ಗಳಿಗೇಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗ್ಬಹುದು.

ವಿಂಡೋಸ್ 11 ಇರೋರು ಇನ್ನೊಂದು ನೋಡ್ಕೊಳ್ಳಿ. ಡಿಸ್ಕಿಗೆ ಬೀಗ ಹಾಕಿ ಡೇಟಾ ಕಾಯೋ ಬಿಟ್‌ಲಾಕರ್ ಆನ್ ಇದ್ರೆ ಬಯೋಸಲ್ಲಿ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಅನ್ನೋ ಭದ್ರತೆ ಸೆಟ್ಟಿಂಗ್ ಮುಟ್ಟಿದ ಮೇಲೆ 48 ಅಂಕಿಯ ರಿಕವರಿ ಕೀ ಕೇಳ್ಬಹುದು, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿರುತ್ತೆ, ಮೊದಲೇ ಬೇರೆ ಕಡೆ ಬರೆದಿಟ್ಕೊಂಡು ಬಿಟ್‌ಲಾಕರನ್ನ ಸಸ್ಪೆಂಡ್ ಮಾಡಿ, ಆಮೇಲೆ ಅಪ್‌ಡೇಟಿಗೆ ಕೈ ಹಾಕಿ. ಇಷ್ಟೆಲ್ಲಾ ಮಾಡಿಯೂ ಏಳಲಿಲ್ಲ ಅಂದ್ರೆ ಎರರ್ ಸ್ಕ್ರೀನಿನ ಫೋಟೋ ತೆಗೆದು, ಏನೇನು ಬದಲಿಸಿದ್ರಿ ಅಂತ ಒಂದು ಚೀಟೀಲಿ ಬರೆದು ಅಂಗಡಿಯವರ ಕೈಗೆ ಕೊಡಿ, ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡ್ಬೇಡಿ ಅಂತ ಅದೇ ಚೀಟೀಲಿ ದೊಡ್ಡದಾಗಿ ಬರೀರಿ.