ಮಗುವಿನ ಕೋಣೆಗೆ ಹಳೆಯ ಪೀಠೋಪಕರಣ: ಹೊಳಪು ಬಿಡಿ, ಹಿಂಬದಿ ನೋಡಿ

ಮಗುವಿಗೆಂದು ಕೊಂಡ ಮಂಚ ಎರಡು-ಮೂರು ವರ್ಷಕ್ಕೇ ಚಿಕ್ಕದಾಗುತ್ತದೆ. ಆಮೇಲೆ ಸುಮ್ನೆ ಜಾಗ ತಿನ್ನುತ್ತಾ ನಿಂತಿರುತ್ತದೆ. ಅದಕ್ಕೇ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಸಾಮಾನು ಸಿಗುತ್ತದೆ. ಆದರೆ ಹೊಸ ವಾರ್ನಿಷ್ ಬಳಿದರೆ ಎಂಥ ಮುರುಕಲು ಬೀರುವೂ ಮದುಮಗನ ಹಾಗೆ ಹೊಳೆಯುತ್ತದೆ ಅಲ್ವಾ? ನೋಡಬೇಕಾದ್ದು ಹಿಂಬದಿ, ಅಡಿ, ಮೂಲೆ.

1. ಏನು ಬೇಕೆಂದು ಮೊದಲೇ ಬರೆದುಕೊಳ್ಳಿ

ಡ್ರಾಯರ್ ಬೀರು, ಶೆಲ್ಫ್, ಹಾಲೂಡಿಸುವಾಗ ಕೂರಲು ಕುರ್ಚಿ: ಇವನ್ನು ಹಳೆಯದೇ ಕೊಳ್ಳಬಹುದು. ಹಾಸಿಗೆ ಮಾತ್ರ ಹೊಸದೇ ಇರಲಿ. ಡೈಪರ್ ಬದಲಿಸಲು ಬೇರೆ ಮೇಜು ಬೇಡ, ಸೊಂಟದೆತ್ತರದ ಬೀರು ಇದ್ದರೆ ಸಾಕು. ಕೋಣೆಯ ಜೊತೆಗೆ ಬಾಗಿಲಿನ ಅಗಲವನ್ನೂ ಅಳೆಯಿರಿ. ಟಾರ್ಚ್, ಟೇಪು, ಸ್ಕ್ರೂಡ್ರೈವರ್ ಚೀಲದಲ್ಲಿರಲಿ. ಹಗಲು ಹೊತ್ತಲ್ಲೇ ಹೋಗಿ.

2. ಅಲುಗಾಡಿಸಿ

ಬೀರುವಿನ ಮೇಲಿನ ಎರಡು ಮೂಲೆ ಹಿಡಿದು ಪಕ್ಕಕ್ಕೆ ತಳ್ಳಿ. ಗಟ್ಟಿಯಾದದ್ದು ಇಡೀ ಮೈಯಾಗಿ ಕದಲುತ್ತದೆ. ಸಡಿಲಾದದ್ದು ಓರೆಯಾಗಿ ವಾಲುತ್ತದೆ. ಬರೀ ಸ್ಕ್ರೂ ಸಡಿಲವಾಗಿದ್ದರೆ ಚಿಂತೆಯಿಲ್ಲ, ಬಿಗಿ ಮಾಡಿ ಮತ್ತೆ ತಳ್ಳಿ. ಕೂಡಿಸಿದ ಜಾಗದಲ್ಲೇ ಮರ ಸೀಳಿದ್ದರೆ ಬಿಟ್ಟುಬಿಡಿ.

ಡ್ರಾಯರನ್ನು ಪೂರ್ತಿ ಹೊರಗೆಳೆದು ಬೋರಲು ಹಾಕಿ. ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಮರ ಕೂಡಿಸಿದ್ದರೆ ಅದು ಬಾಳಿಕೆಯ ಕೆಲಸ. ಹಲಗೆಯ ಅಂಚಿನಲ್ಲಿ ಮರದ ಪುಡಿಯನ್ನು ಒತ್ತಿದಂತೆ ಕಂಡರೆ ಪಾರ್ಟಿಕಲ್ ಬೋರ್ಡ್. ಅದು ಕೆಟ್ಟದ್ದೇನಲ್ಲ. ಆದರೆ ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ತೂತು ಜಾಳಾಗುತ್ತದೆ. ನೀರು ಕುಡಿದರೆ ಉಬ್ಬಿಬಿಡುತ್ತದೆ.

ಡ್ರಾಯರಿನ ತಳವನ್ನು ಅಂಗೈಯಿಂದ ಒತ್ತಿ ನೋಡುವುದನ್ನು ಮರೆಯಬೇಡಿ. ನಾನು ಒಮ್ಮೆ ಎಲ್ಲ ನೋಡಿ ಇದೊಂದನ್ನು ಬಿಟ್ಟಿದ್ದೆ. ಮನೆಗೆ ತಂದು ಬಟ್ಟೆ ತುಂಬಿದ ದಿನವೇ ತಳ ಕಳಚಿ ಬಟ್ಟೆಯೆಲ್ಲ ಕೆಳಗಿನ ಖಾನೆಗೆ ಬಿತ್ತು. ತೆಳು ಹಲಗೆಗೆ ಸ್ಟೇಪಲ್ ಪಿನ್ ಹೊಡೆದಿದ್ದರು, ಅಷ್ಟೇ.

3. ಹುಳ, ತಿಗಣೆ

ಸೂಜಿಮೊನೆಯಂಥ ತೂತು, ತಟ್ಟಿದರೆ ಉದುರುವ ಹಿಟ್ಟು: ಮರದೊಳಗೆ ಹುಳ ಇನ್ನೂ ಇರಬಹುದು. ಸ್ಕ್ರೂ ತೂತು, ಸಂದಿ, ಕುರ್ಚಿಯ ಹೊಲಿಗೆಗಳಲ್ಲಿ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ತಿಗಣೆ. ‘ಎರಡು ತಿಂಗಳಿಂದ ಗೋದಾಮಿನಲ್ಲೇ ಇತ್ತು’ ಎಂದರೆ ನಂಬಬೇಡಿ. ರಕ್ತ ಸಿಗದಿದ್ದರೂ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ.

4. ಕ್ರಿಬ್‌ಗೆ ಬೇರೆಯೇ ಪರೀಕ್ಷೆ

ಸುತ್ತ ಕಟಕಟೆ ಇರುವ ಮಂಚದಲ್ಲಿ ಮಗು ಒಂಟಿಯಾಗಿ ಮಲಗಿರುತ್ತದೆ. ಇಲ್ಲಿ ದಾಕ್ಷಿಣ್ಯ ಬೇಡ, ನೆಂಟರು ಪುಕ್ಕಟೆ ಕೊಟ್ಟರೂ ಸರಿ. ಕಂಬಿಗಳ ನಡುವಿನ ಸಂದಿ 6 ಸೆಂ.ಮೀ.ಗಿಂತ ಜಾಸ್ತಿ ಇರಬಾರದು. ಟೇಪು ಮರೆತಿದ್ದರೆ ತಂಪು ಪಾನೀಯದ ಮಾಮೂಲಿ ಡಬ್ಬಿ ತೂರಿಸಿ ನೋಡಿ. ತೂರಿದರೆ ಆ ಮಂಚ ಬೇಡ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ಹೋಗಬಾರದು. ಮೂಲೆಯ ಕಂಬ ಮೇಲೆ ಚಾಚಿಕೊಂಡಿದ್ದರೆ ಅಂಗಿ ಸಿಕ್ಕಿಕೊಳ್ಳುತ್ತದೆ.

ಒಂದು ಬದಿ ಮೇಲೆ-ಕೆಳಗೆ ಜಾರುವ ಕ್ರಿಬ್ ಅಂತೂ ಬೇಡವೇ ಬೇಡ. ಜಾರುವ ಬದಿ ಕಳಚಿ, ಆ ಸಂದಿಯಲ್ಲಿ ಸಿಕ್ಕಿಕೊಂಡು ಎಳೆಗೂಸುಗಳು ಸತ್ತಿವೆ. ಅಮೆರಿಕದಲ್ಲಿ 2011ರ ಜೂನ್‌ನಿಂದ ಇದರ ಮಾರಾಟವೇ ನಿಂತಿದೆ. ಬೋಲ್ಟ್ ಕಳೆದಿದ್ದರೆ ಕೈಗೆ ಸಿಕ್ಕಿದ್ದನ್ನು ತುರುಕಬೇಡಿ. ತಯಾರಿಸಿದ ಕಂಪನಿಯ ಬಿಡಿಭಾಗ ಸಿಕ್ಕರೆ ಸರಿ, ಇಲ್ಲವಾದರೆ ಬೇರೆ ಹುಡುಕಿ.

5. ಹಳೆ ಬಣ್ಣ

ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕ ಇದಕ್ಕೆ ತಡೆ ಹಾಕಿದ್ದು 1978ರಲ್ಲಿ, ಎಷ್ಟೋ ಕಡೆ ಇನ್ನೂ ತಡವಾಗಿ. ಹಲ್ಲು ಬರುವಾಗ ಮಗು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಚಕ್ಕೆ ಏಳುತ್ತಿರುವ ಹಳೆ ಬಣ್ಣದ ಸಾಮಾನು ತರಲೇಬೇಡಿ. ಉಪ್ಪುಕಾಗದದಿಂದ ಉಜ್ಜಿದರಾಯಿತು ಅನ್ನಬೇಡಿ, ಆ ದೂಳೇ ವಿಷ. ಬಸುರಿಯಂತೂ ಅದರ ಹತ್ತಿರ ಸುಳಿಯಬಾರದು.

6. ಗೋಡೆಗೆ ಬಿಗಿಯಿರಿ

ಎದ್ದು ನಿಲ್ಲಲು ಕಲಿತ ಮಗುವಿಗೆ ಡ್ರಾಯರ್ ಅಂದರೆ ಮೆಟ್ಟಿಲು. ಒಂದರ ಮೇಲೆ ಕಾಲಿಟ್ಟರೆ ಇಡೀ ಬೀರು ಮುಂದಕ್ಕೆ ಮಗುಚುತ್ತದೆ. ಸುಮಾರು 27 ಕೆ.ಜಿ. ಮಗುವಿನ ಭಾರಕ್ಕೂ ಬೀರು ಮಗುಚಬಾರದು ಎಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದೇ 2023ರಲ್ಲಿ. ನೀವು ತರುವುದು ಅದಕ್ಕಿಂತ ಹಳೆಯದಿರಬಹುದು. ಹಾಗಾಗಿ ಲೋಹದ ಪಟ್ಟಿ ಹಾಕಿ ಗೋಡೆಗೆ ಸ್ಕ್ರೂ ಮಾಡಿಸಿ. ಭಾರದ ಸಾಮಾನು ಕೆಳಗಿನ ಖಾನೆಯಲ್ಲಿರಲಿ, ಬೀರುವಿನ ತಲೆ ಮೇಲೆ ಟಿವಿ ಬೇಡ.

ಇಷ್ಟೆಲ್ಲ ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಸೋಪಿನ ನೀರಲ್ಲಿ ಒರೆಸಿ, ಡ್ರಾಯರ್ ಬಿಚ್ಚಿ ಗಾಳಿಗಿಡಬೇಕು. ಹೊಸ ಬಣ್ಣ ಹೊಡೆಸಿದರೆ ವಾಸನೆ ಹೋಗಲು ಕೆಲವು ವಾರ ಬೇಕು. ಆರೇಳನೇ ತಿಂಗಳಲ್ಲೇ ಹುಡುಕಲು ಶುರುಮಾಡಿ.