ಬೇರು ಅಗೆದು ನೋಡಿದ ಮೇಲೆ

ತಾಮ್ರ, ನಿಕ್ಕಲ್ ಕರಗಿಸುವ ಕಾರ್ಖಾನೆಯೊಂದರ ಸುತ್ತಲಿನ ಕಾಡಿನಲ್ಲಿ ಎಲೆಗಳು ಯಾಕೆ ಹಳದಿಯಾಗುತ್ತಿವೆ ಎಂದು ಹುಡುಕುವ ಕೆಲಸ ನನ್ನದಾಗಿತ್ತು. ಲೋಹ ಎಲೆಯೊಳಗೆ ಸೇರಿ ವಿಷವಾಗಿದೆ, ಅಷ್ಟೇ ಅಂತ ಅಂದುಕೊಂಡಿದ್ದೆ.

ಮೊದಲ ವರ್ಷ ಎಲೆಗಳನ್ನು ತೊಳೆಯದೆ ಹಾಗೇ ಒಣಗಿಸಿಬಿಟ್ಟೆ. ಪರೀಕ್ಷೆಯಲ್ಲಿ ತಾಮ್ರ ವಿಪರೀತ ಬಂತು. ಅದರಲ್ಲಿ ಎಲೆಯ ಒಳಗಿದ್ದದ್ದೆಷ್ಟು, ಮೇಲೆ ಕೂತ ಧೂಳೆಷ್ಟು ಎಂದು ಬೇರೆ ಮಾಡಲು ದಾರಿಯೇ ಇರಲಿಲ್ಲ. ಆ ವರ್ಷದ ಕೆಲಸ ಅಷ್ಟೂ ಹೋಯಿತು.

ಮುಂದಿನ ವರ್ಷದಿಂದ ಕಿತ್ತ ಕೂಡಲೇ ಡಿಸ್ಟಿಲ್ಡ್ ನೀರಿನಲ್ಲಿ ಬೇಗ ಜಾಲಿಸಿ ತೆಗೆಯುತ್ತಿದ್ದೆ. ಜಾಸ್ತಿ ಹೊತ್ತು ನೆನೆಸಿದರೆ ಪೊಟ್ಯಾಸಿಯಂ ನೀರಿಗೆ ಬಿಟ್ಟುಕೊಳ್ಳುತ್ತದೆ. ಒಂದೇ ಜಾತಿಯ ಮರ, ಒಂದೇ ವಯಸ್ಸಿನ ಎಲೆ, ಬಿಸಿಲು ಬೀಳುವ ಕೊಂಬೆ, ಒಂದೇ ವಾರ. ಎಲೆ ಉದುರುವ ಕಾಲ ಹತ್ತಿರವಾದರೆ ಮರ ತನ್ನ ಪೋಷಕಾಂಶಗಳನ್ನು ಎಲೆಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಆಗ ಹೋಲಿಕೆಗೆ ಅರ್ಥವಿಲ್ಲ.

ಈ ಸಲ ಬಂದ ಲೆಕ್ಕ ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ದೂರದ ಕಾಡಿಗೆ ಹೋಲಿಸಿದರೆ ಚಿಮಣಿಯ ಹತ್ತಿರದ ಎಲೆಗಳಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಮ್ಯಾಂಗನೀಸ್ ಮೂರೂ ಕಡಿಮೆ. ಹಳೆಯ ಎಲೆಗಳಲ್ಲೇ, ನರಗಳ ನಡುವೆ ಮೊದಲು ಹಳದಿ ಕಾಣುತ್ತಿತ್ತಲ್ಲ, ಅದು ಮೆಗ್ನೀಸಿಯಂ ಕೊರತೆಯ ಗುರುತು. ಮರಗಳಿಗೆ ವಿಷದ ಜೊತೆಗೆ ಹಸಿವೂ ಇತ್ತು.

ಆದರೆ ಮಣ್ಣಿನ ಒಟ್ಟು ಲೆಕ್ಕದಲ್ಲಿ ಮೆಗ್ನೀಸಿಯಂ ಚೆನ್ನಾಗಿಯೇ ಇತ್ತು! ಒಟ್ಟು ಎಂದರೆ ಕಲ್ಲಿನ ಪುಡಿಯೊಳಗೆ ಸಿಕ್ಕಿಕೊಂಡದ್ದೂ ಸೇರಿರುತ್ತದೆ. ಅದು ಬೇರಿಗೆ ಸಿಗುವುದಿಲ್ಲ. ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಕಲಕಿ, ಬೇರಿಗೆ ಸಿಗುವಷ್ಟನ್ನು ಮಾತ್ರ ಅಳೆದೆ. ತೀರಾ ಕಡಿಮೆ. ಮಣ್ಣಿನ ಕಣಗಳು ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಂಡಿರುತ್ತವೆ. ಹೊಗೆಯ ಗಂಧಕದಿಂದಾಗುವ ಆಮ್ಲ ಮತ್ತು ತಾಮ್ರ, ನಿಕ್ಕಲ್ ಬಂದು ಆ ಜಾಗ ಹಿಡಿದರೆ, ಜಾಗ ಕಳೆದುಕೊಂಡವು ಮಳೆನೀರಿನ ಜೊತೆ ಕೆಳಗೆ ಇಳಿದುಹೋಗುತ್ತವೆ.

ಆಮೇಲೆ ಬೇರು ಅಗೆದೆ. ಇದನ್ನೇ ಮೊದಲು ಮಾಡಬೇಕಿತ್ತು ಅಂತ ಈಗಲೂ ಅನಿಸುತ್ತದೆ. ತುದಿಗಳು ಮೋಟಾಗಿ, ದಪ್ಪಗಾಗಿ, ಕಪ್ಪಾಗಿದ್ದವು. ಸಣ್ಣ ಬೇರುಗಳು ಇರಲೇ ಇಲ್ಲ ಎನ್ನಬಹುದು. ಬೇರಿಗೆ ಅಂಟಿಕೊಂಡು ಆಹಾರ ಹುಡುಕಿಕೊಡುವ ಶಿಲೀಂಧ್ರದ ಬಿಳಿ ಎಳೆಗಳೂ ಅಪರೂಪ. ಮೇಲೆ ತರಗೆಲೆ ಕೊಳೆಯದೆ ದಪ್ಪ ಹಾಸಿಗೆಯಂತೆ ಬಿದ್ದಿತ್ತು. ಕೊಳೆಸುವ ಜೀವಿಗಳೇ ಲೋಹಕ್ಕೆ ಸೋತರೆ ಆ ಎಲೆಗಳಲ್ಲಿರುವ ಆಹಾರ ಮಣ್ಣಿಗೆ ಮರಳುವುದು ಹೇಗೆ? ಮರದ ಊಟ ಅದರ ಕಾಲ ಬುಡದಲ್ಲೇ ಕಟ್ಟಿಟ್ಟಂತೆ ಬಿದ್ದಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಕೆನಡಾದ ಸಡ್ಬರಿಯಲ್ಲಿ ಇಂಥದ್ದೇ ಹೊಗೆಯಿಂದ ಬೋಳಾದ ಗುಡ್ಡಗಳಿಗೆ 1978ರಿಂದ ಡಾಲಮೈಟ್ ಎಂಬ ಸುಣ್ಣಕಲ್ಲಿನ ಪುಡಿ ಹಾಕುತ್ತಾ ಬಂದರು, ಹೆಕ್ಟೇರಿಗೆ ಸುಮಾರು 10 ಟನ್. ಅದು ಆಮ್ಲ ತಗ್ಗಿಸಿ ಲೋಹ ಕರಗದಂತೆ ಮಾಡುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕೊಡುತ್ತದೆ. ನಾನೂ ಒಂದು ಚಿಕ್ಕ ತುಂಡು ಜಾಗದಲ್ಲಿ ಹಾಕಿ ನೋಡಿದೆ. ಎರಡು ವರ್ಷ ಬಿಟ್ಟು ಅಗೆದಾಗ ಕಪ್ಪು ಬೇರುಗಳ ನಡುವೆ ಅಲ್ಲಲ್ಲಿ ಹೊಸ ಬಿಳಿ ತುದಿಗಳು ಮೂಡಿದ್ದವು.