ಅಘನಾಶಿನಿ ಹೊಳೆಯಲ್ಲಿ ದೋಸ್ತ್ ಜೊತೆ ಸಂಜೆ ಗಾಳ ಹಾಕೋದು ಹೇಗೆ

ರಜೆ ಯಾವತ್ತು ಸಿಗುತ್ತೆ ಅಂತ ನೋಡ್ಕೊಂಡು ಗಾಳಕ್ಕೆ ಹೊರಡೋರೇ ಜಾಸ್ತಿ. ಆದ್ರೆ ಮೊದಲು ನೋಡಬೇಕಿರೋದು ನೀರಿನ ಟೈಮು. ಕುಮಟಾ ತಾಲೂಕಲ್ಲಿ ದೀವಗಿ ಸೇತುವೆಯಿಂದ ಕೆಳಗೆ ತದಡಿ ಅಳಿವೆ (ಹೊಳೆ ಕಡಲಿಗೆ ಸೇರೋ ಬಾಯಿ) ತನಕ ಅಘನಾಶಿನಿ ಅರ್ಧ ಹೊಳೆ ಅರ್ಧ ಕಡಲು, ಸಮುದ್ರ ಏರಿದ್ರೆ ಇದೂ ಏರುತ್ತೆ, ಇಳಿದ್ರೆ ಇದೂ ಇಳಿಯುತ್ತೆ, ಮೀನೂ ಅದರ ಜೊತೆಗೇ ಓಡಾಡುತ್ತೆ. ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ, ಹಾಗಾಗಿ ಸಿಹಿನೀರು ಉಪ್ಪುನೀರು ಕೂಡೋದು ಇನ್ನೂ ತನ್ನ ಪಾಡಿಗೆ ನಡೀತಾ ಇದೆ, ಬಳಚು (ಚಿಪ್ಪುಮೀನು), ಶೆಟ್ಲಿ (ಸೀಗಡಿ), ಏಡಿ, ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡ ಎಲ್ಲ ಇಲ್ಲಿ ಇಷ್ಟು ಇರೋದು ಅದಕ್ಕೇ. 2024ರಲ್ಲಿ ಇದನ್ನ ರಾಮ್ಸಾರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿಸಿದ್ರು.

ದಿನ ಆರಿಸೋದು ಹೇಗೆ ಅಂದ್ರೆ, ದಿನಕ್ಕೆ ಎರಡು ಭರತ (ನೀರು ಏರೋದು), ಎರಡು ಇಳಿತ, ಮತ್ತೆ ಪ್ರತಿ ದಿನ ಅದು ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತೆ. ನಮ್ಮ ಕರಾವಳೀಲಿ ಹುಣ್ಣಿಮೆ ಅಮಾವಾಸ್ಯೆ ದಿನ ಸಾಮಾನ್ಯವಾಗಿ ಸಂಜೆ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತೆ. ಅದಕ್ಕೆ ಎರಡು ದಿನ ಮುಂಚೆ ಆದ್ರೆ ಇಳಿತ ಸಂಜೆಗಿಂತ ಮೊದಲೇ ಮುಗಿದು, ಬಿಸಿಲು ತಗ್ಗೋ ಹೊತ್ತಿಗೆ ಭರತ ಶುರುವಾಗಿರುತ್ತೆ, ಗಾಳಕ್ಕೆ ಇದೇ ಒಳ್ಳೇದು. ಇಳಿತದಲ್ಲಿ ಬರಿದಾದ ಮರಳು ದಿಬ್ಬದ ಮೇಲೆ ನೀರು ಮತ್ತೆ ಹತ್ತುವಾಗ ಮೀನು ಹುಳ, ಶೆಟ್ಲಿ ಮರಿ ಹುಡುಕ್ತಾ ಅದರ ಹಿಂದೇನೇ ಬರುತ್ತೆ. ಕ್ಯಾಲೆಂಡರ್ ತಿಥಿ ಅಂದಾಜಿಗೆ ಸಾಕು, ಸರಿಯಾದ ಟೈಮ್ ಬೇಕಂದ್ರೆ ಟೈಡ್ ಟೇಬಲ್ (ಭರತ ಇಳಿತದ ವೇಳಾಪಟ್ಟಿ) ನೋಡಿ. ಅದರಲ್ಲಿರೋದು ಸಮುದ್ರದ ಟೈಮು, ಹೊಳೆ ಒಳಗೆ ಮೇಲೆ ಹೋದಷ್ಟೂ ತಡ. ಎಷ್ಟು ತಡ ಅಂತ ನೀವು ಹೊರಡೋ ಧಕ್ಕೆಯ (ದೋಣಿ ನಿಲ್ಲೋ ಕಟ್ಟೆ) ದೋಣಿಯವರ ಹತ್ರ ಕೇಳೋದೇ ಸರಿ, ಅವರಿಗೆ ಬಾಯಲ್ಲೇ ಇರುತ್ತೆ. ಗಾಳಿ, ಅಲೆ ಹೇಗಿದೆ ಅಂತ ಹೈದರಾಬಾದಿನ ಇನ್‌ಕಾಯ್ಸ್ (ಸರ್ಕಾರದ ಸಾಗರ ಮಾಹಿತಿ ಕೇಂದ್ರ) ದಿನಾ ಮುನ್ಸೂಚನೆ ಕೊಡುತ್ತೆ, ಅದನ್ನೂ ಒಂದ್ಸಲ ನೋಡ್ಕೊಳ್ಳಿ.

ಸೀಸನ್ ಅಂದ್ರೆ ನವೆಂಬರಿಂದ ಮಾರ್ಚ್. ಮಳೆಗಾಲದಲ್ಲಿ ಹೊಳೆ ಕೆಂಪು ನೀರು ತುಂಬ್ಕೊಂಡು ಓಡ್ತಿರುತ್ತೆ, ಆವಾಗ ಸಣ್ಣ ದೋಣಿ ಇಳಿಸೋ ಮಾತೇ ಬೇಡ. (ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮೊಟ್ಟೆ ಇಡೋ ಕಾಲ ಅದು. ಹುಟ್ಟು ಹಾಕೋ ದೋಣಿಗೆ ಆ ನಿಷೇಧ ಇಲ್ಲ, ಆದ್ರೂ ನನ್ನ ಕೇಳಿದ್ರೆ ಆ ಎರಡು ತಿಂಗಳು ಹೊಳೆಗೂ ಬಿಡುವು ಕೊಡಿ.)

ದೋಣಿ ಬಾಡಿಗೆಗೆ ತಗೊಳ್ಳೋದಾದ್ರೆ ಇಬ್ಬರಿಗೆ ಸಣ್ಣ ಫೈಬರ್ ದೋಣಿ ಸಾಕು, ಪಾತಿ (ಕಿರಿದಾದ ಮರದ ದೋಣಿ) ಬೇಡ, ಅಭ್ಯಾಸ ಇಲ್ಲದೋರು ಅದರಲ್ಲಿ ಸುಮ್ಮನೆ ತಿರುಗಿ ಕೂತ್ರೂ ವಾಲುತ್ತೆ. ಹತ್ತೋಕೆ ಮುಂಚೆ ಎರಡು ಹುಟ್ಟು, ನೀರು ಮೊಗೆಯೋಕೆ ಒಂದು ಡಬ್ಬ, ಲಂಗರು, ಹಗ್ಗ ಇದೆಯಾ ನೋಡಿ. ಲೈಫ್ ಜಾಕೆಟ್ ಇಬ್ಬರೂ ಹಾಕ್ಕೊಳ್ಳಿ, ಈಜು ಬರುತ್ತೆ ಅನ್ನೋರೂ ಹಾಕ್ಕೊಳ್ಳಿ, ಭರತದ ನೀರಿನ ಎಳೆತಕ್ಕೆ ನಿಮ್ಮ ಈಜು ಲೆಕ್ಕಕ್ಕಿಲ್ಲ. ತಲೆಗೆ ಕಟ್ಟೋ ಟಾರ್ಚು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಫೋನು, ಕುಡಿಯೋ ನೀರು. ಎಲ್ಲಿಗೆ ಹೋಗ್ತೀವಿ, ಎಷ್ಟೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗಾದ್ರೂ ಹೇಳಿ ಹೊರಡಿ.

ಇನ್ನು ಗಾಳ. ಇಲ್ಲಿ ಸಂಜೆ ಕೂತು ಹಿಡಿಯೋಕೆ ಹೇಳಿ ಮಾಡಿಸಿದ ಮೀನು ಅಂದ್ರೆ ಕಾಣೆ, ನಮ್ಮ ಕಡೆ ನೊಗ್ಲಿ ಅಂತಾರೆ. ಉದ್ದ ಮೈ, ಚೂಪು ಮೂತಿ, ಬಾಯಿ ತುಂಬಾ ಸಣ್ಣ. ಹೆದರಿದ್ರೆ ಮರಳೊಳಗೆ ಹೂತ್ಕೊಳ್ಳುತ್ತೆ. ಬಾಯಿ ಸಣ್ಣ ಇರೋದ್ರಿಂದ ಗಾಳವೂ ಸಣ್ಣದೇ ಬೇಕು, 10 ಅಥವಾ 12 ನಂಬರ್ (ನಂಬರ್ ಏರಿದಷ್ಟೂ ಗಾಳ ಸಣ್ಣ, ಅಂಗಡೀಲಿ ಹೊಸಬರು ಇದನ್ನ ಉಲ್ಟಾ ತಿಳ್ಕೊಳ್ತಾರೆ). ತಂಗೂಸಿ (ಗಾಳ ಕಟ್ಟೋ ನೈಲಾನ್ ದಾರ) 0.25 ಮಿಲಿಮೀಟರ್ ದಪ್ಪದ್ದು ಸಾಕು. ದೊಡ್ಡ ರಾಡು ರೀಲು ಏನೂ ಬೇಡ, ಮರದ ತುಂಡಿಗೆ ಸುತ್ತಿದ ಕೈಗಾಳವೇ ದೋಣಿಯಲ್ಲಿ ಸುಖ, ಮೀನು ಮುಟ್ಟಿದ್ದು ನೇರ ಬೆರಳಿಗೇ ಗೊತ್ತಾಗುತ್ತೆ.

ಕಟ್ಟೋದು ಹೀಗೆ. ಮೊದಲು ತಂಗೂಸಿಗೆ ನಡುವೆ ತೂತಿರೋ ಸೀಸದ ಗುಂಡು ಪೋಣಿಸಿ, ಸುಮಾರು 15 ಗ್ರಾಂ, ನೀರಿನ ಎಳೆತ ಜಾಸ್ತಿ ಇದ್ರೆ ಸ್ವಲ್ಪ ಭಾರದ್ದು. ಅದರ ಕೆಳಗೆ ಒಂದು ಸ್ವಿವೆಲ್ (ದಾರ ಮುರುಚದ ಹಾಗೆ ತಿರುಗೋ ಸಣ್ಣ ಕೊಂಡಿ), ಸ್ವಿವೆಲ್‌ನಿಂದ ಒಂದೂವರೆ ಅಡಿ ಬೇರೆ ತಂಗೂಸಿ, ಅದರ ತುದಿಗೆ ಗಾಳ. ಗುಂಡು ಜಾರೋ ಹಾಗಿದ್ರೆ ಮೀನು ಎಳೆದಾಗ ಭಾರ ಅದಕ್ಕೆ ತಿಳಿಯಲ್ಲ, ಅನುಮಾನ ಬರದೆ ನುಂಗುತ್ತೆ. ಗಂಟು ಹಾಕುವಾಗ ಗಾಳದ ಕಣ್ಣೊಳಗೆ ತುದಿ ತೂರಿಸಿ, ಮೂಲ ದಾರದ ಸುತ್ತ 5-6 ಸುತ್ತು ಸುತ್ತಿ, ಕಣ್ಣಿನ ಹತ್ರ ಆದ ಸಣ್ಣ ಕುಣಿಕೆಯೊಳಗೆ ತುದಿ ವಾಪಸ್ ತಂದು, ಆಮೇಲೆ ಆಗಿರೋ ದೊಡ್ಡ ಕುಣಿಕೆಯಲ್ಲೂ ಒಂದ್ಸಲ ತೂರಿಸಿ. ಈಗ ಎಳೀಬೇಡಿ! ಗಂಟನ್ನ ಬಾಯಲ್ಲಿಟ್ಟು ಒದ್ದೆ ಮಾಡಿ, ನಿಧಾನಕ್ಕೆ ಬಿಗಿ ಮಾಡಿ. ಒಣ ತಂಗೂಸಿ ಎಳೆದ್ರೆ ತಿಕ್ಕಾಟಕ್ಕೆ ಬಿಸಿಯಾಗಿ ಅಲ್ಲೇ ಸೊರಗುತ್ತೆ, ದೊಡ್ಡ ಮೀನು ಬಿದ್ದಾಗ ತುಂಡಾಗೋದು ಅದೇ ಜಾಗ.

ಇರೆಗೆ, ಅಂದ್ರೆ ಗಾಳಕ್ಕೆ ಚುಚ್ಚೋ ತಿನಿಸಿಗೆ, ತಾಜಾ ಶೆಟ್ಲಿ. ತಲೆ, ಸಿಪ್ಪೆ ತೆಗೆದು ಅರ್ಧ ಇಂಚಿನ ತುಂಡು ಮಾಡಿ, ಗಾಳದ ಬಾಗಿಗೆ ಸರಿಯಾಗಿ ಪೋಣಿಸಿ, ಮೊನೆ ಮಾತ್ರ ಒಂಚೂರು ಹೊರಗಿರ್ಲಿ. ದೊಡ್ಡ ತುಂಡು ಹಾಕಿದ್ರೆ ಕಾಣೆ ಅಂಚು ಅಂಚು ತಿಂದು ಹೋಗುತ್ತೆ.

ನೀರು ನಿಂತಿರೋ ಹೊತ್ತಲ್ಲಿ, ಅಂದ್ರೆ ಇಳಿತ ಮುಗಿದು ಭರತ ಹಿಡಿಯೋ ನಡುವಿನ ಬಿಡುವಲ್ಲಿ, ಹುಟ್ಟು ಹಾಕ್ಕೊಂಡು ಕೆಳಗಡೆಗೆ ಹೋಗಿ. ಬರುವಾಗ ಭರತವೇ ನಿಮ್ಮನ್ನ ಮೇಲಕ್ಕೆ ತರುತ್ತೆ, ಕತ್ತಲಲ್ಲಿ ಸುಸ್ತಾಗಿ ನೀರಿಗೆ ಎದುರು ಹುಟ್ಟು ಹಾಕೋ ಕಷ್ಟ ಇರಲ್ಲ. ತದಡಿ ಅಳಿವೆ ಬಾಯಿಗೆ ಮಾತ್ರ ಹೋಗಬೇಡಿ. ಅಲ್ಲಿ ಮರಳ ದಿಬ್ಬ ಜಾಗ ಬದಲಿಸ್ತಾ ಇರುತ್ತೆ, ಅಲೆ ಒಡೆಯುತ್ತೆ, ಅದು ದೊಡ್ಡ ಬೋಟಿನವರ ದಾರಿ.

ಮರಳು ತಳ ಇದ್ದು 6ರಿಂದ 10 ಅಡಿ ಆಳ ಇರೋ ಜಾಗ ನೋಡಿ ಲಂಗರು ಬಿಡಿ. ಲಂಗರು ಯಾವತ್ತೂ ದೋಣಿ ಮೂತಿಗೇ ಕಟ್ಟಬೇಕು. ಮಗ್ಗುಲಿಗೋ ಹಿಂದಕ್ಕೋ ಕಟ್ಟಿದ್ರೆ ಹರಿವ ನೀರು ಅಡ್ಡ ಹೊಡೆದು ಒಳಗೆ ನುಗ್ಗುತ್ತೆ. ಆಳದ ನಾಲ್ಕು ಪಟ್ಟಾದ್ರೂ ಹಗ್ಗ ಬಿಡಿ, ಹಗ್ಗ ಓರೆಯಾದ್ರೇನೇ ಲಂಗರು ಮರಳು ಕಚ್ಚೋದು. ನೀರಲ್ಲಿ ತೇಲೋ ಥರ್ಮಾಕೋಲ್ ತುಂಡು ಕಂಡ್ರೆ ಕೆಳಗೆ ಯಾರದ್ದೋ ಬಲೆ ಇದೆ ಅಂತ, ದೂರ ಇರಿ. ಗಜನಿಯ (ಹೊಳೆ ಪಕ್ಕದ ಉಪ್ಪುನೀರು ಗದ್ದೆ) ಜಂತ್ರಡಿ ಬಾಗಿಲ, ಅಂದ್ರೆ ನೀರು ಬಿಡೋ ಹಲಗೆ ಬಾಗಿಲ ಹತ್ರ ಮೀನು ಸೇರುತ್ತೆ ನಿಜ, ಆದ್ರೆ ಅಲ್ಲಿ ಮೀನು ಹಿಡಿಯೋ ಹಕ್ಕು ಬೇರೆಯವರದ್ದು, ಕೇಳದೆ ಗಾಳ ಹಾಕೋದು ಸರಿಯಲ್ಲ, ಅದು ಅವರ ಅನ್ನ.

ಈಗ ಕೂರೋದು. ಒಬ್ಬರು ಮುಂದೆ, ಒಬ್ಬರು ಹಿಂದೆ, ಗಾಳ ಒಬ್ಬರದ್ದು ಎಡಕ್ಕೆ ಒಬ್ಬರದ್ದು ಬಲಕ್ಕೆ, ಇಲ್ಲಾಂದ್ರೆ ಎರಡು ತಂಗೂಸಿ ಸುತ್ಕೊಂಡು ಬಿಡಿಸೋದ್ರಲ್ಲೇ ಸಂಜೆ ಹೋಗುತ್ತೆ. ಮಾತಾಡಿ ಪರವಾಗಿಲ್ಲ, ಮಾತಿಗೆ ಮೀನು ಅಷ್ಟು ಹೆದರಲ್ಲ, ದೋಣಿ ತಳಕ್ಕೆ ಕಾಲು ಬಡಿಯೋದು, ಡಬ್ಬ ಬೀಳಿಸೋದು ಮಾಡಬೇಡಿ, ಆ ಸದ್ದು ನೀರಿಗೆ ಇಳಿಯುತ್ತೆ. ನಾನಂತೂ ಹೋಗೋದೇ ಈ ಎರಡು ಗಂಟೆ ಹೊತ್ತಿಗೋಸ್ಕರ. ಫೋನಲ್ಲಿ ಹೇಳೋಕಾಗದ್ದನ್ನ ದೋಸ್ತ್ ಇಲ್ಲಿ ಹೇಳ್ತಾನೆ, ಮುಖ ನೋಡದೆ, ನೀರು ನೋಡ್ಕೊಂಡು. ಫ್ಲಾಸ್ಕಲ್ಲಿ ಚಾ, ಒಂದು ಪೊಟ್ಟಣ ಮಂಡಕ್ಕಿ ಇದ್ರೆ ಮತ್ತೇನು ಬೇಕು.

ಕಾಣೆ ಕಚ್ಚೋದು ಬಾಗಿಲು ಮೆಲ್ಲಗೆ ತಟ್ಟಿದ ಹಾಗೆ, ಟುಕ್ ಟುಕ್. ಮೊದಲ ಟುಕ್ಕಿಗೇ ಎಲ್ಲರೂ ಎಳೆದುಬಿಡ್ತಾರೆ. "ಇರು ಮಾರಾಯ, ಇನ್ನೊಂದ್ಸಲ ಮುಟ್ಲಿ" ಅಂತ ಪಕ್ಕದವರು ಹೇಳೋದು ಅದಕ್ಕೆ. ಎರಡನೇ ಸಲ ದಾರ ಸ್ವಲ್ಪ ಬಿಗಿಯಾದಾಗ ಮಣಿಕಟ್ಟಲ್ಲಿ ಒಂದು ಸಣ್ಣ ಜಗ್ಗು, ಆಮೇಲೆ ನಿಲ್ಲಿಸದೆ ಒಂದೇ ಹದದಲ್ಲಿ ಎಳ್ಕೊಳ್ಳಿ.

ಸೂರ್ಯ ಮುಳುಗೋ ಹೊತ್ತಿಗೆ ಕುರುಡಿ (ಬಾರಾಮುಂಡಿ) ಕಚ್ಚಿದ್ರೂ ಕಚ್ಚಬಹುದು. ದಪ್ಪ ಮೀನು, ನೀರಿಂದ ಮೇಲಕ್ಕೆ ಹಾರುತ್ತೆ, ಕಿವಿರಿನ ಅಂಚು ಬ್ಲೇಡು, ಬರಿಗೈ ಹಾಕಿದ್ರೆ ಕೊಯ್ಯುತ್ತೆ. ಕುರುಡಿ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುತ್ತೆ, ಅಂದ್ರೆ ತುಂಬಾ ದೊಡ್ಡದು ಸಿಕ್ತು ಅಂದ್ರೆ ಅದು ಮೊಟ್ಟೆ ಇಡೋ ತಾಯಿ. ಫೋಟೋ ತೆಗ್ದು ಬಿಟ್ಟುಬಿಡಿ ಅಂತ ನಾನು ಕೈಮುಗಿದು ಕೇಳ್ತೀನಿ. ಮೀಸೆ ಇರೋ ತೇಡೆ (ಕ್ಯಾಟ್‌ಫಿಶ್) ಬಿದ್ರೆ ಹುಷಾರು, ಬೆನ್ನಿಗೆ ಒಂದು, ಎರಡೂ ಪಕ್ಕೆಗೆ ಒಂದೊಂದು ವಿಷದ ಮುಳ್ಳು ಇರುತ್ತೆ. ಕೈಯಲ್ಲಿ ಹಿಡೀಬೇಡಿ, ಇಕ್ಕಳದಿಂದ ಗಾಳ ಬಿಡಿಸಿ, ಆಗದಿದ್ರೆ ತಂಗೂಸಿನೇ ಕತ್ತರಿಸಿ. ಚುಚ್ಚಿದ್ರೆ ದಡಕ್ಕೆ ಬಂದು ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಕೈ ಇಟ್ರೆ ನೋವು ಇಳಿಯುತ್ತೆ, ಆಮೇಲೆ ಆಸ್ಪತ್ರೆಗೆ ಹೋಗಿ ತೋರಿಸ್ಲೇಬೇಕು. ಹೊಟ್ಟೆ ಬಲೂನಾಗಿ ಉಬ್ಬಿಸೋ ಮೀನು ಬಂದ್ರೆ ವಾಪಸ್ ಬಿಡಿ, ಅದರಲ್ಲಿ ವಿಷ ಇರುತ್ತೆ, ಬೇಯಿಸಿದ್ರೂ ಹೋಗಲ್ಲ.

ಹಿಡಿದ ಮೀನನ್ನ ದೋಣಿ ತಳದ ಬಿಸಿನೀರಲ್ಲಿ ಬಿಡಬೇಡಿ, ಥರ್ಮಾಕೋಲ್ ಡಬ್ಬದಲ್ಲಿ ಐಸ್ ತಗೊಂಡು ಹೋಗಿ ಅದರಲ್ಲಿಡಿ, ಕಾಣೆ ಬೇಗ ಮೆತ್ತಗಾಗುತ್ತೆ. ಬೆರಳುದ್ದದ ಮರಿಗಳನ್ನ ಒದ್ದೆ ಕೈಯಲ್ಲಿ ಹಿಡಿದು ಬಿಡಿ. ತುಂಡು ತಂಗೂಸಿ ಒಂದೂ ನೀರಿಗೆ ಹಾಕಬೇಡಿ, ಜೇಬಿಗೆ ಹಾಕ್ಕೊಳ್ಳಿ, ಹಕ್ಕಿ ಕಾಲಿಗೆ ಸುತ್ಕೊಳ್ಳುತ್ತೆ.

ಪೂರ್ತಿ ಕತ್ತಲಾಗೋ ಮುಂಚೆ ಲಂಗರು ಎತ್ತಿ, ಟಾರ್ಚ್ ಹಚ್ಚಿ, ಭರತದ ಜೊತೆ ದಡದ ಪಕ್ಕದಲ್ಲೇ ನಿಧಾನ ಬನ್ನಿ. ದೋಣಿ ಕೊಟ್ಟವರ ಮನೆಗೆ ಬಾಡಿಗೆ ಜೊತೆ ನಾಲ್ಕು ಮೀನೂ ಕೊಡಿ. ಗಾಳ, ಸ್ವಿವೆಲ್ ಎಲ್ಲ ಅವತ್ತೇ ಸಿಹಿನೀರಲ್ಲಿ ತೊಳೆದು ಒರೆಸಿಡಿ, ಉಪ್ಪು ಒಂದೇ ರಾತ್ರೀಲಿ ತುಕ್ಕು ಹಿಡಿಸುತ್ತೆ. ಕಾಣೆಗೆ ಉಪ್ಪು, ಅರಿಶಿನ, ಖಾರ, ಹುಳಿ ಹಚ್ಚಿ ಅರ್ಧ ಗಂಟೆ ಇಟ್ಟು, ರವೆಯಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಸಣ್ಣ ಉರೀಲಿ ಕಾಯಿಸಿ, ತಲೆ ತೆಗೀಬೇಡಿ.